ತಪ್ಪು ನಂದಾ, ರೈಫಲ್‌ದಾ? ದೂರದ ಗುರಿಗೆ ಮೊದಲ ಒಳ್ಳೆ ಬೋಲ್ಟ್ ಆಕ್ಷನ್ ಆರಿಸೋದು ಹೇಗೆ

ಐನೂರು ಮೀಟರ್ ಆಚೆ ನಿಲ್ಸಿರೋ ಉಕ್ಕಿನ ತಟ್ಟೆಗೆ ಹೊಡೆದ್ರೆ ಗುಂಡು ಅಲ್ಲಿಗೆ ಹೋಗಿ ಮುಟ್ಟಿ ‘ಟಣ್’ ಅನ್ನೋ ಸದ್ದು ವಾಪಸ್ ನಮ್ಮ ಕಿವಿಗೆ ಬೀಳೋಕೆ ಎರಡು ಸೆಕೆಂಡ್ ದಾಟುತ್ತೆ. ಅಷ್ಟು ಹೊತ್ತು ಉಸಿರು ಬಿಗಿಹಿಡಿದು ಕಾದು ಏನೂ ಕೇಳಿಸ್ಲಿಲ್ಲ ಅಂದ್ರೆ ತಲೆಗೆ ಬರೋದು ಒಂದೇ ಪ್ರಶ್ನೆ, ತಪ್ಪು ನಂದಾ ರೈಫಲ್‌ದಾ? ಗಾಳಿ ತಪ್ಪಾಗಿ ಓದಿದ್ನಾ, ಕುದುರೆ (ಟ್ರಿಗರ್) ಎಳೆಯುವಾಗ ಕೈ ಅಲುಗ್ತಾ, ಇಲ್ಲ ಈ ಸಾಮಾನೇ ಹೀಗಾ? ಬೋಲ್ಟ್ ಆಕ್ಷನ್, ಅಂದ್ರೆ ಪ್ರತಿ ಗುಂಡಿಗೂ ಕೈಯಲ್ಲೇ ಬೋಲ್ಟ್ ಎಳೆದು ತಳ್ಳಿ ತೋಟಾ ತುಂಬೋ ರೈಫಲ್, ಮೊದಲ ಸಲ ಹುಡುಕುವಾಗ ನನ್ನ ಪ್ರಕಾರ ನೋಡ್ಬೇಕಾಗಿರೋದು ಇಷ್ಟೇ: ಈ ಪ್ರಶ್ನೆ ಬಂದಾಗಲೆಲ್ಲ ‘ತಪ್ಪು ನಂದೇ’ ಅಂತ ಅನುಮಾನ ಇಲ್ದೆ ಹೇಳೋಕಾಗ್ಬೇಕು. ರೈಫಲ್ ಮೇಲೆ ಅನುಮಾನ ಉಳಿದ್ರೆ ಸಾವಿರ ರೌಂಡ್ ಹೊಡೆದ್ರೂ ಕಲಿಯೋದು ಏನೂ ಇರಲ್ಲ, ಬರೀ ತೋಟಾ ಖರ್ಚು.

ಮೊದ್ಲು ಕಾಗದ, ಮೈದಾನ

ದೇಶಕ್ಕೊಂದು ಕಾನೂನು. ಕೆಲವು ಕಡೆ ಇಂಥ ಕ್ಯಾಲಿಬರ್ (ನಳಿಗೆ, ತೋಟಾ ಅಳತೆ) ಇಟ್ಕೊಳ್ಳೋ ಹಾಗಿಲ್ಲ, ಕೆಲವು ಕಡೆ ಸೈಲೆನ್ಸರ್ ಇಲ್ಲ, ಕೆಲವು ಕಡೆ ಕ್ಲಬ್ ಮೆಂಬರ್‌ಶಿಪ್ ಇಲ್ದೆ ಅರ್ಜಿನೇ ತಗೊಳ್ಳಲ್ಲ, ಮನೇಲಿ ಯಾವ ಥರ ಬೀಗದ ಪೆಟ್ಟಿಗೇಲಿ ಇಡ್ಬೇಕು ಅನ್ನೋದಕ್ಕೂ ನಿಯಮ ಇರುತ್ತೆ. ಇದೆಲ್ಲ ಕೇಳಿ ತಿಳ್ಕೊಳ್ಳೋಕೆ ಮುಂಚೆ ಮಾಡೆಲ್ ಹೆಸರು ಬಾಯಿಪಾಠ ಮಾಡಿ ಪ್ರಯೋಜನ ಇಲ್ಲ.

ಅದಾದ್ಮೇಲೆ ನಿಮಗೆ ಸಿಗೋ ರೇಂಜ್ ಎಷ್ಟುದ್ದ ಅಂತ ನೋಡಿ. ‘ಒಂದು ಕಿಲೋಮೀಟರ್ ಹೊಡೀಬೇಕು’ ಅಂತ ಎಲ್ರಿಗೂ ಆಸೆ ಇರುತ್ತೆ, ಆದ್ರೆ ವರ್ಷದಲ್ಲಿ ಹೆಚ್ಚು ದಿನ ಹೋಗೋಕಾಗೋದು 300 ಮೀಟರ್ ರೇಂಜಿಗೆ ಆದ್ರೆ ದೊಡ್ಡ ಮ್ಯಾಗ್ನಂ (ಜಾಸ್ತಿ ಮದ್ದಿನ ತೋಟಾ) ತಗೊಂಡು ಏನ್ಮಾಡ್ತೀರಾ. ಆಟ ಯಾವುದು ಅನ್ನೋದೂ ಮುಖ್ಯ. ಮಲಗಿ, ಬೈಪಾಡ್ ಅನ್ನೋ ಎರಡು ಕಾಲಿನ ಆಸರೆ ಮೇಲಿಟ್ಟು, ಕಾಗದದ ಗುರಿಗೆ ಹೊಡೆಯೋ ಎಫ್-ಕ್ಲಾಸ್ ಒಂದು ಥರ. ಇದು ಕೆನಡಾದಲ್ಲಿ ಹುಟ್ಟಿದ್ದು, ಅದರ 1000 ಗಜದ ಗುರಿಯಲ್ಲಿ ಹತ್ತು ಪಾಯಿಂಟಿನ ವೃತ್ತ ಒಂದು ಎಂಒಎ (ಕೋನದ ಅಳತೆ, ಕೆಳಗೆ ಹೇಳ್ತೀನಿ) ಅಗಲ, ಒಳಗಿನ ಎಕ್ಸ್ ವೃತ್ತ ಅದರರ್ಧ. ಗೋಡೆ, ಟೈರು, ಏಣಿ ಮೇಲೆಲ್ಲ ರೈಫಲ್ ಇಟ್ಟು ಗಡಿಯಾರದ ಜೊತೆ ಓಡೋ ಪಿಆರ್‌ಎಸ್ (ಪ್ರಿಸಿಷನ್ ರೈಫಲ್ ಸೀರೀಸ್) ಮಾದರಿ ಪಂದ್ಯ ಇನ್ನೊಂದು ಥರ. ಎಫ್-ಕ್ಲಾಸಲ್ಲಿ ಎಫ್-ಟಿಆರ್ ಅನ್ನೋ ವಿಭಾಗಕ್ಕೆ .223 ರೆಮಿಂಗ್ಟನ್ ಅಥವಾ .308 ವಿಂಚೆಸ್ಟರ್ ಬಿಟ್ಟು ಬೇರೆ ತೋಟಾ ನಡೆಯಲ್ಲ, ಬೈಪಾಡ್ ಸೇರಿ ತೂಕ 8.25 ಕೆಜಿ ದಾಟೋ ಹಾಗಿಲ್ಲ. ಇದನ್ನ ಆಮೇಲೆ ತಿಳ್ಕೊಂಡ್ರೆ ತಲೆ ಚಚ್ಕೋಬೇಕಾಗುತ್ತೆ.

ಮೀಟರ್ ಲೆಕ್ಕದಲ್ಲಿ ಯೋಚ್ನೆ ಮಾಡೋರಿಗೆ ಒಂದು ಅಳತೆ ಈಗ್ಲೇ ಹೇಳ್ಬಿಡ್ತೀನಿ, ಮುಂದೆ ಬೇಕಾಗುತ್ತೆ. ಒಂದು ಎಂಒಎ ಅಂದ್ರೆ 100 ಮೀಟರಲ್ಲಿ 2.9 ಸೆಂಟಿಮೀಟರ್, ಸಾವಿರದಲ್ಲಿ 29. ಒಂದು ಮಿಲ್ ಅಂದ್ರೆ 100 ಮೀಟರಲ್ಲಿ 10 ಸೆಂಟಿಮೀಟರ್, ಸಾವಿರದಲ್ಲಿ ಪೂರ್ತಿ ಒಂದು ಮೀಟರ್.

ಯಾವ ತೋಟಾ? ಅವಸರ ಬೇಡ

ಜನ ರೈಫಲ್ ಬ್ರಾಂಡ್ ಬಗ್ಗೆ ತಿಂಗಳುಗಟ್ಲೆ ಜಗಳ ಆಡಿ ಕ್ಯಾಲಿಬರ್ ಮಾತ್ರ ಐದು ನಿಮಿಷದಲ್ಲಿ ಮುಗಿಸ್ಬಿಡ್ತಾರೆ. ಉಲ್ಟಾ ಆಗ್ಬೇಕು. ಯಾಕಂದ್ರೆ ದೂರ, ಗಾಳಿ, ಒದೆತ, ಬ್ಯಾರೆಲ್ ಆಯಸ್ಸು, ತೋಟಾ ಖರ್ಚು ಎಲ್ಲಾ ನಿರ್ಧಾರ ಆಗೋದು ಇಲ್ಲೇ.

ಈಗ ಹೆಚ್ಚಿನವರು ಶುರು ಮಾಡೋದು 6.5 ಕ್ರೀಡ್‌ಮೂರಿಂದ. 2007ರಲ್ಲಿ ಹಾರ್ನಡಿ ಕಂಪನಿ ಇದನ್ನ ಗುರಿ ಪಂದ್ಯಕ್ಕೆ ಅಂತಲೇ ಹೊರತಂದಿದ್ದು. ಹೆಸರು ಮಾತ್ರ ಹಳೇದು, ನ್ಯೂಯಾರ್ಕ್‌ನ ಲಾಂಗ್ ಐಲ್ಯಾಂಡಲ್ಲಿದ್ದ ಕ್ರೀಡ್‌ಮೂರ್ ರೇಂಜಲ್ಲಿ 1874ರಲ್ಲಿ ಐರ್ಲೆಂಡ್ ಮತ್ತೆ ಅಮೆರಿಕ ತಂಡ 800, 900, 1000 ಗಜದಲ್ಲಿ ಹೊಡೆದು ಅಮೆರಿಕ ಬರೀ ಮೂರು ಪಾಯಿಂಟಲ್ಲಿ ಗೆದ್ದಿತ್ತು, ಅಲ್ಲಿಂದ ಬಂದಿದ್ದು. ಈ ತೋಟಾದ ಗುಟ್ಟು ಏನಂದ್ರೆ ಉದ್ದನೆ ತೆಳ್ಳನೆ ಬುಲೆಟ್, ಗಾಳಿ ಸೀಳ್ಕೊಂಡು ಹೋಗುತ್ತೆ, ವೇಗ ಬೇಗ ಕಳ್ಕೊಳ್ಳಲ್ಲ. 140 ಗ್ರೇನ್ (ಸುಮಾರು 9 ಗ್ರಾಂ) ಬುಲೆಟ್ ಸೆಕೆಂಡಿಗೆ ಸುಮಾರು 825 ಮೀಟರಲ್ಲಿ ಹೊರಟ್ರೆ ಸಾವಿರ ಮೀಟರಲ್ಲಿ ಸುಮಾರು 10 ಮೀಟರ್ ಕೆಳಗೆ ಇಳಿದಿರುತ್ತೆ. ಅದೇ ಜಾಗದಲ್ಲಿ .308ರ 175 ಗ್ರೇನ್ ಬುಲೆಟ್ 13 ಮೀಟರ್ ಮೇಲೇ ಇಳಿಯುತ್ತೆ. ಇಳಿಯೋದು ಪರ್ವಾಗಿಲ್ಲ, ಭೂಮಿ ಎಳೆಯೋದು ದಿನಾ ಒಂದೇ ಥರ, ಸ್ಕೋಪ್ ತಿರುಗ್ಸಿದ್ರೆ ಆಯ್ತು. ಕಾಟ ಕೊಡೋದು ಗಾಳಿ. ಗಂಟೆಗೆ 16 ಕಿಲೋಮೀಟರ್ ಅಡ್ಡಗಾಳಿ ಬೀಸಿದ್ರೆ ಕ್ರೀಡ್‌ಮೂರ್ ಸಾವಿರ ಮೀಟರಲ್ಲಿ ಎರಡು ಮೀಟರ್ ಚಿಲ್ಲರೆ ಪಕ್ಕಕ್ಕೆ ಹೋಗುತ್ತೆ, .308 ಮೂರು ಮೀಟರ್ ದಾಟುತ್ತೆ. ಇನ್ನೊಂದು ವಿಷಯ, ಬುಲೆಟ್ ಶಬ್ದದ ವೇಗಕ್ಕಿಂತ, ಅಂದ್ರೆ ಸೆಕೆಂಡಿಗೆ 340 ಮೀಟರಿಗಿಂತ ಕೆಳಗೆ ಇಳಿಯೋ ಹೊತ್ತಲ್ಲಿ ಅಲ್ಲಾಡೋಕೆ ಶುರು ಮಾಡ್ಬಹುದು; .308ಕ್ಕೆ ಆ ಕಷ್ಟ ಸಾವಿರ ಮೀಟರಿಗೆ ಸ್ವಲ್ಪ ಮುಂಚೇನೇ ಬಂದ್ಬಿಡುತ್ತೆ, ಕ್ರೀಡ್‌ಮೂರಿಗೆ ಇನ್ನೂ ದೂರ ಇದೆ.

ಹಂಗಂತ .308 ಕೆಟ್ಟದ್ದು ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. 1952ರಿಂದ ಇರೋ ತೋಟಾ, ಎಲ್ಲಾ ಕಡೆ ಸಿಗುತ್ತೆ, ಬ್ಯಾರೆಲ್ 5000 ರೌಂಡ್ ಆಸುಪಾಸು ಬಾಳುತ್ತೆ. ಕ್ರೀಡ್‌ಮೂರ್ ಬ್ಯಾರೆಲ್ 2000ದಿಂದ 3000ಕ್ಕೆ ಸುಸ್ತಾಗುತ್ತೆ, ಜೋರಾಗಿ ಓಡೋ 6 ಎಂಎಂ ತೋಟಾಗಳು ಅದಕ್ಕಿಂತ ಬೇಗ. ವಾರಕ್ಕೆ 50 ರೌಂಡ್ ಹೊಡೆಯೋರಾದ್ರೆ ವರ್ಷಕ್ಕೆ 2600, ಲೆಕ್ಕ ನೀವೇ ಹಾಕ್ಕೊಳ್ಳಿ. ಬ್ಯಾರೆಲ್ಲು ಕಾರಿನ ಟೈರ್ ಇದ್ದ ಹಾಗೆ, ಸವೆಯೋ ಸಾಮಾನು, ಇದನ್ನ ಮೊದ್ಲೇ ಒಪ್ಕೊಂಡ್ರೆ ಆಮೇಲೆ ಹೊಟ್ಟೆ ಉರಿಯಲ್ಲ.

.300 ವಿಂಚೆಸ್ಟರ್ ಮ್ಯಾಗ್ನಂ, .338 ಲಾಪುವಾ ಇವೆಲ್ಲ ಮೊದಲ ರೈಫಲ್ಲಿಗೆ ಬೇಡ ಅಂತ ನನ್ನ ಖಡಾಖಂಡಿತ ಅಭಿಪ್ರಾಯ. ಅಷ್ಟೇ ತೂಕದ ರೈಫಲ್ಲಲ್ಲಿ .300 ಮ್ಯಾಗ್ನಂ ಒದೆತ ಕ್ರೀಡ್‌ಮೂರಿನ ಸುಮಾರು ಎರಡರಷ್ಟು. ಇಪ್ಪತ್ತು ರೌಂಡ್ ಆದ್ಮೇಲೆ ಭುಜಕ್ಕಿಂತ ಮೊದ್ಲು ಮನಸ್ಸು ಹೆದರುತ್ತೆ, ಗುಂಡು ಹಾರೋಕೆ ಮುಂಚೇನೇ ಕಣ್ಣು ಮುಚ್ಕೊಳ್ಳೋ ಅಭ್ಯಾಸ ಹತ್ಕೊಳ್ಳುತ್ತೆ, ಅದನ್ನ ಬಿಡಿಸೋಕೆ ವರ್ಷ ಬೇಕು. ನಂಗೆ ಗೊತ್ತು, ನಂಗೂ ಹತ್ಕೊಂಡಿತ್ತು. ನನ್ ಸ್ನೇಹಿತ ಒಬ್ಬ ಡಮ್ಮಿ ತೋಟಾ ನಂಗೆ ಹೇಳದೆ ಮಧ್ಯದಲ್ಲಿ ತುಂಬ್ಸಿಟ್ಟಿದ್ದ, ಕುದುರೆ ಎಳೆದೆ, ಗುಂಡು ಹಾರಲಿಲ್ಲ, ನಳಿಗೆ ಮಾತ್ರ ಮೀನು ಕಚ್ಚಿದ ಗಾಳದ ಕೋಲಿನ ಥರ ಕೆಳಗೆ ಬಾಗಿತು. ಸುತ್ತ ಇದ್ದೋರೆಲ್ಲ ನಕ್ಕರು.

300 ಮೀಟರ್ ಒಳಗೇ ಹೊಡೆಯೋರಿಗೆ .223 ಧಾರಾಳ ಸಾಕು, ಆದ್ರೆ ಬ್ಯಾರೆಲ್ ಟ್ವಿಸ್ಟ್ 1:8 ಅಥವಾ 1:7 ಇರ್ಲಿ, ಉದ್ದನೆ ಭಾರದ ಬುಲೆಟ್ ಸ್ಥಿರವಾಗಿ ತಿರುಗೋಕೆ ಅದು ಬೇಕು. 6.5ಕ್ಕೆ 1:8 ರೂಢಿ, .308ಕ್ಕೆ 1:10ರಿಂದ 1:12. ಟ್ವಿಸ್ಟ್ ಅಂದ್ರೆ ನಳಿಗೆ ಒಳಗಿನ ಸುರುಳಿ ಗೀರು ಎಷ್ಟು ಇಂಚಿಗೆ ಒಂದು ಪೂರ್ತಿ ಸುತ್ತು ಬರುತ್ತೆ ಅನ್ನೋ ಲೆಕ್ಕ.

ಇನ್ನೂ ಒಂದು ದಾರಿ ಇದೆ, ಯಾಕೋ ಯಾರೂ ಹೇಳಲ್ಲ. .22 ಎಲ್‌ಆರ್. ಐವತ್ತು ಮೀಟರಿಗೆ ಜೀರೋ ಮಾಡಿರೋ (ಅಲ್ಲಿ ಗುಂಡು ಸರಿಯಾಗಿ ಗುರಿಗೆ ಬೀಳೋ ಹಾಗೆ ಸ್ಕೋಪ್ ಹೊಂದಿಸಿರೋ) .22 ತೋಟಾ 200 ಮೀಟರಲ್ಲಿ ಸುಮಾರು ಎಂಟು ಮಿಲ್ ಇಳಿಯುತ್ತೆ, ಹೆಚ್ಚುಕಡಿಮೆ ಕ್ರೀಡ್‌ಮೂರ್ ಒಂಬೈನೂರು ಮೀಟರಲ್ಲಿ ಇಳಿಯೋಷ್ಟೇ. ಗಾಳಿನೂ ಹಾಗೇ ಎಳೆದಾಡುತ್ತೆ. ಜಾಗ ಕಮ್ಮಿ, ದುಡ್ಡು ಕಮ್ಮಿ ಇದ್ದೋರು ಸಿಝಡ್ 457 ಥರದ ಒಳ್ಳೆ .22 ಬೋಲ್ಟ್ ಆಕ್ಷನ್ ತಗೊಂಡು ಒಂದು ವರ್ಷ ಅದ್ರಲ್ಲೇ ಗಾಳಿ ಓದೋದು ಕಲಿತ್ರೆ ಯಾವ ಅವಮಾನವೂ ಇಲ್ಲ.

ಆಕ್ಷನ್ನು ಮತ್ತೆ ನಳಿಗೆ

ಬೋಲ್ಟ್ ಆಕ್ಷನ್ ಯಾಕೆ ಇಷ್ಟು ಕರಾರುವಾಕ್ಕು ಅಂದ್ರೆ, ಬೋಲ್ಟ್ ಮುಂದೆ ತಳ್ಳಿ ಕೆಳಗೆ ಮಡಚಿದಾಗ ಅದರ ಮೂತಿಯಲ್ಲಿರೋ ಲಗ್ಗುಗಳು (ಬೀಗ ಹಾಕೋ ಹಲ್ಲುಗಳು) ಹೋಗಿ ಪ್ರತಿ ಸಲ ಅದೇ ಜಾಗದಲ್ಲಿ ಕಚ್ಕೊಳ್ಳುತ್ತೆ, ತೋಟಾ ಪ್ರತಿ ಸಲ ಅಷ್ಟೇ ಬಿಗಿಯಾಗಿ ಕೂರುತ್ತೆ, ಬುಲೆಟ್ ಹೊರಗೆ ಹೋಗೋವರೆಗೂ ಏನೂ ಅಲುಗಾಡಲ್ಲ. 1898ರ ಮೌಸರ್ ಕಾಲದಿಂದ ಮೂಲ ವಿಚಾರ ಬದಲಾಗಿಲ್ಲ. ಕೈಯಲ್ಲಿ ಹಿಡ್ಕೊಂಡಾಗ ನೋಡ್ಬೇಕಾದ್ದು ಬೋಲ್ಟ್ ಓಡೋ ರೀತಿ. ಅರ್ಧದಲ್ಲಿ ತಡೆಯುತ್ತಾ, ಪಕ್ಕಕ್ಕೆ ಒತ್ತಿದ್ರೆ ಸಿಕ್ಕಾಕ್ಕೊಳುತ್ತಾ? ರೆಮಿಂಗ್ಟನ್ 700ರಲ್ಲಿ ಹಿಡಿ 90 ಡಿಗ್ರಿ ಎತ್ತಬೇಕು, ಟಿಕ್ಕಾದಲ್ಲಿ 70 ಸಾಕು, ಮೂರು ಲಗ್ ಇರೋವು ಕೆಲವು 60ಕ್ಕೇ ಬಿಚ್ಕೊಳ್ಳುತ್ತೆ. ಕಮ್ಮಿ ಇದ್ರೆ ಬೇಗ, ಆದ್ರೆ ಎತ್ತೋಕೆ ಸ್ವಲ್ಪ ಜಾಸ್ತಿ ಬಲ ಬೇಕು.

ಬ್ಯಾರೆಲ್ ದಪ್ಪ ಇರ್ಲಿ, 24ರಿಂದ 26 ಇಂಚು ಉದ್ದ ಇರ್ಲಿ. ಬೇಟೆ ರೈಫಲ್ಲಿನ ಸಣ್ಣ ನಳಿಗೆ ನಾಲ್ಕನೇ ಗುಂಡಿಗೇ ಕಾದು ಗುಂಡು ಆಕಡೆ ಈಕಡೆ ಹೋಗೋಕೆ ಶುರುವಾಗುತ್ತೆ, ಆಗ ಅದೇ ಹಳೇ ಪ್ರಶ್ನೆ ಬರುತ್ತೆ, ನಂದಾ ರೈಫಲ್‌ದಾ. ಸುತ್ತಿಗೆ ಹೊಡೆತದಲ್ಲಿ ಮಾಡಿದ್ದಾ, ಬಟನ್ ಎಳೆದು ಮಾಡಿದ್ದಾ, ಗೀರು ಕೊರೆದು ಮಾಡಿದ್ದಾ ಅನ್ನೋ ವಾದ ಬಿಟ್ಬಿಡಿ, ಮೂರರಲ್ಲೂ ಒಳ್ಳೆದಿದೆ ಮೂರರಲ್ಲೂ ಕೆಟ್ಟದಿದೆ. ಬ್ಯಾರೆಲ್ ಮರಕ್ಕೋ ಪ್ಲಾಸ್ಟಿಕ್ಕಿಗೋ ಎಲ್ಲೂ ತಾಗದೆ ತೇಲ್ತಾ ಇರ್ಬೇಕು; ಒಂದು ಕಾಗದ ತಗೊಂಡು ಬ್ಯಾರೆಲ್ಲಿಗೂ ಅದನ್ನ ಹೊತ್ತಿರೋ ಸ್ಟಾಕಿಗೂ ಮಧ್ಯ ತೂರಿಸಿ ಆಕ್ಷನ್‌ವರೆಗೂ ಎಳೀರಿ, ಎಲ್ಲಾದ್ರೂ ಸಿಕ್ಕಾಕ್ಕೊಂಡ್ರೆ ಆ ರೈಫಲ್ ವಾಪಸ್ ಇಟ್ಬಿಡಿ. ಮೂತಿಯಲ್ಲಿ ಥ್ರೆಡ್ ಇದ್ರೆ ಒಳ್ಳೇದು, ಗ್ಯಾಸ್ ಪಕ್ಕಕ್ಕೆ ಬಿಡೋ ಬ್ರೇಕ್ ಹಾಕ್ಬಹುದು, ಒದೆತ ಕಮ್ಮಿ ಆಗಿ ನಿಮ್ ಗುಂಡು ಎಲ್ಲಿ ಬಿತ್ತು ಅಂತ ಸ್ಕೋಪಲ್ಲಿ ನೀವೇ ನೋಡ್ಬಹುದು. ಪಕ್ಕದಲ್ಲಿ ಮಲಗಿರೋರು ಮಾತ್ರ ನಿಮ್ಮನ್ನ ಬೈಕೊಳ್ತಾರೆ, ಆ ಸದ್ದು ಅಂಥಾದ್ದು.

ಕುದುರೆ

ನಮ್ ಕಡೆ ಹಳಬರು ಟ್ರಿಗರಿಗೆ ಕುದುರೆ ಅಂತಾರೆ, ಚೆನ್ನಾಗಿದೆ ಆ ಹೆಸರು. ಗುರಿ ರೈಫಲ್ಲಿಗೆ 700 ಗ್ರಾಂನಿಂದ ಒಂದು ಕೆಜಿ ಒಳಗೆ ಎಳೆತ ಇದ್ರೆ ಶುರುವಿಗೆ ಸಾಕು. ಅದಕ್ಕಿಂತ ಮುಖ್ಯ, ಪ್ರತಿ ಸಲ ಅದೇ ತೂಕಕ್ಕೆ, ಗಾಜಿನ ಕಡ್ಡಿ ಮುರಿದ ಹಾಗೆ ಮುರೀಬೇಕು. ಮರಳು ಉಜ್ಜಿದ ಹಾಗೆ ತೆವಳ್ಕೊಂಡು ಬಂದ್ರೆ ಬೇಡ. ಒಂದೇ ಹಂತದ್ದೋ ಎರಡು ಹಂತದ್ದೋ ಅನ್ನೋದು ಅವರವರ ಬೆರಳಿಗೆ ಬಿಟ್ಟಿದ್ದು.

ಮೈಗೆ ಹೊಂದ್ಬೇಕು

ಅಂಗಿ ಅಳತೆ ನೋಡ್ದೆ ತಗೊಳ್ಳಲ್ಲ, ರೈಫಲ್ ಮಾತ್ರ ಫೋಟೋ ನೋಡಿ ಆರ್ಡರ್ ಮಾಡ್ತಾರೆ. ಕಣ್ಣು ಮುಚ್ಚಿ ಮಲಗಿ ರೈಫಲ್ ಭುಜಕ್ಕೆ ಕೊಟ್ಟು ಕೆನ್ನೆ ಇಟ್ಟು ಆಮೇಲೆ ಕಣ್ಣು ಬಿಡಿ, ಸ್ಕೋಪ್ ಒಳಗೆ ಪೂರ್ತಿ ದುಂಡನೆ ಚಿತ್ರ ಕಾಣ್ಬೇಕು, ಕತ್ತು ಎತ್ತೋದು ಚಾಚೋದು ಇರ್ಬಾರ್ದು. ಅದಕ್ಕೆ ಕೆನ್ನೆ ಪಟ್ಟಿ ಮೇಲೆ ಕೆಳಗೆ ಮಾಡೋಕೆ, ಹಿಂದಿನ ಉದ್ದ ಜಾಸ್ತಿ ಕಮ್ಮಿ ಮಾಡೋಕೆ ಆಗೋ ಸ್ಟಾಕ್ ಬೇಕು. ಸ್ಟಾಕ್ ಬದಲು ಅಲ್ಯೂಮಿನಿಯಂ ಚಾಸಿ ಆದ್ರೆ ಎಲ್ಲಾ ಹೊಂದಿಸ್ಬಹುದು, ಎಐಸಿಎಸ್ ಅನ್ನೋ ಮಾದರಿಯ ಮ್ಯಾಗಜಿನ್ (ತೋಟಾ ಡಬ್ಬಿ) ಸಿಕ್ಕಾಪಟ್ಟೆ ಸಿಗುತ್ತೆ, ಆದ್ರೆ ಚಳಿಗೆ ತಣ್ಣಗೆ ಕೊರೆಯುತ್ತೆ, ನೋಡೋಕೆ ಕೊಳಾಯಿ ರಿಪೇರಿ ಸಾಮಾನಿನ ಥರ ಇರುತ್ತೆ, ಅದು ನನ್ನ ರುಚಿ ಬಿಡಿ. ತೂಕ ಸ್ಕೋಪ್ ಸೇರಿ ಐದರಿಂದ ಏಳು ಕೆಜಿ ಆದ್ರೆ ಗುರಿಗೆ ಒಳ್ಳೇದು. ಎಡಗೈಯವರು ಎಡಗೈ ಬೋಲ್ಟೇ ಹುಡುಕಿ, ಮತ್ತೆ ನಿಮ್ ಬಲವಾದ ಕಣ್ಣು ಯಾವುದು ಅಂತ ಒಂದ್ಸಲ ಪರೀಕ್ಷೆ ಮಾಡ್ಕೊಳ್ಳಿ, ಬಲಗೈಯವರಿಗೂ ಎಡಗಣ್ಣು ಜೋರಾಗಿರೋದು ಉಂಟು.

ಹೆಸರು ಹಿಡಿದು ಹೇಳೋದಾದ್ರೆ

ಫಿನ್ಲೆಂಡಿನ ರೀಹಿಮಾಕಿಯಲ್ಲಿ ಸಾಕೋ ಕಂಪನಿ ಮಾಡೋ ಟಿಕ್ಕಾ ಟಿ3ಎಕ್ಸ್ ನನ್ನ ಮೊದಲ ಸಲಹೆ, ಬೋಲ್ಟ್ ಬೆಣ್ಣೇಲಿ ಓಡಿದ ಹಾಗೆ, ಟ್ರಿಗರ್ ಪೆಟ್ಟಿಗೆಯಿಂದ ತೆಗೆದಾಗಲೇ ಚೆನ್ನಾಗಿರುತ್ತೆ. ಸಿಟಿಆರ್ ಅಥವಾ ಟ್ಯಾಕ್ ಎ1 ಗುರಿಗೆ ಹೊಂದೋ ರೂಪಗಳು. ಸ್ಪೇನಿನ ಬರ್ಗಾರಾ ಬಿ-14 ಎಚ್‌ಎಂಆರ್ ಇನ್ನೊಂದು, ಇದರದ್ದು ರೆಮಿಂಗ್ಟನ್ 700 ಅಳತೆ. ಈ 700 ಅಳತೆ ಅನ್ನೋದು ಯಾಕೆ ಮುಖ್ಯ ಅಂದ್ರೆ 1962ರಿಂದ ಇರೋ ಆ ಆಕ್ಷನ್ನಿಗೆ ಸ್ಟಾಕು, ಟ್ರಿಗರು, ಚಾಸಿ ಎಲ್ಲಾ ಬೇರೆ ಬೇರೆಯವರು ರಾಶಿ ರಾಶಿ ಮಾಡ್ತಾರೆ, ನಾಳೆ ಏನಾದ್ರೂ ಬದಲಾಯಿಸ್ಬೇಕು ಅನ್ಸಿದ್ರೆ ಪರದಾಡ್ಬೇಕಿಲ್ಲ. ಜಪಾನಿನ ಹೋವಾ 1500 ಗಟ್ಟಿಮುಟ್ಟು. ಸ್ಯಾವೇಜ್ 110ರಲ್ಲಿ ಬ್ಯಾರೆಲ್ ಒಂದು ನಟ್ಟಿನ ಮೇಲೆ ನಿಂತಿರುತ್ತೆ, ಸವೆದಾಗ ಬದಲಾಯಿಸೋದು ಸುಲಭ, ಬೋಲ್ಟ್ ಮಾತ್ರ ಟಿಕ್ಕಾ ಮುಂದೆ ಸ್ವಲ್ಪ ಒರಟು. 2015ರಲ್ಲಿ ಬಂದ ರೂಗರ್ ಪ್ರಿಸಿಷನ್ ರೈಫಲ್ ಚಾಸಿ ಸಮೇತ ಬರುತ್ತೆ. ಮೇಲಿನ ಮೆಟ್ಟಿಲಲ್ಲಿ ಸಾಕೋ ಟಿಆರ್‌ಜಿ, ಬ್ರಿಟನ್ನಿನ ಅಕ್ಯುರಸಿ ಇಂಟರ್‌ನ್ಯಾಷನಲ್ ಇವೆ, ಕೈ ತುಂಬಾ ದುಡ್ಡಿದ್ರೆ ತಗೊಳ್ಳಿ ಯಾರು ಬೇಡ ಅಂದ್ರು, ಆದ್ರೆ ಮೊದಲ ಎರಡು ವರ್ಷ ಅದರ ಮತ್ತೆ ಟಿಕ್ಕಾದ ವ್ಯತ್ಯಾಸ ನಿಮ್ ಗುರಿಯ ಕಾಗದದಲ್ಲಿ ಕಾಣಲ್ಲ.

ದುಡ್ಡು ಹಂಚೋದು

ಎಲ್ರೂ ಎಡವೋ ಜಾಗ ಇದು. ಇರೋ ದುಡ್ಡೆಲ್ಲ ರೈಫಲ್ಲಿಗೆ ಸುರಿದು ಮಿಕ್ಕಿದ್ದರಲ್ಲಿ ಒಂದು ಸ್ಕೋಪ್. ನನ್ನ ಲೆಕ್ಕ ಹೀಗಿದೆ: ರೈಫಲ್ಲಿಗೆ ಎಷ್ಟೋ ಸ್ಕೋಪು ಮೌಂಟಿಗೂ ಅಷ್ಟೇ, ಮತ್ತೆ ಮೊದಲ 500 ರೌಂಡ್ ಮ್ಯಾಚ್ (ಪಂದ್ಯದ ದರ್ಜೆ) ತೋಟಾಗೆ ಬೇರೆ ಎತ್ತಿಟ್ಟಿರ್ಬೇಕು. ಇದು ಹೊಂದಲ್ಲ ಅಂದ್ರೆ ಒಂದು ಮೆಟ್ಟಿಲು ಕೆಳಗಿನ ರೈಫಲ್ ತಗೊಳ್ಳಿ, ಸ್ಕೋಪ್ ಇಳಿಸ್ಬೇಡಿ.

ಸ್ಕೋಪಲ್ಲಿ ರೆಟಿಕಲ್ಲು (ಒಳಗೆ ಕಾಣೋ ಗೆರೆಗಳು) ಡಯಲ್ಲು ಎರಡೂ ಮಿಲ್ಲಲ್ಲೇ ಇರ್ಲಿ, ಇಲ್ಲ ಎರಡೂ ಎಂಒಎ, ಒಂದೊಂದು ಒಂದೊಂದು ಥರ ಬೇಡವೇ ಬೇಡ. ಜೂಮ್ ಜೊತೆ ರೆಟಿಕಲ್ಲೂ ದೊಡ್ಡದಾಗೋ ಫಸ್ಟ್ ಫೋಕಲ್ ಪ್ಲೇನ್ ಆದ್ರೆ ಜೂಮ್ ಎಷ್ಟಿದ್ರೂ ರೆಟಿಕಲ್ ಅಳತೆ ಸುಳ್ಳಾಗಲ್ಲ. ಪ್ಯಾರಲಾಕ್ಸ್ (ಕಣ್ಣು ಅಲುಗಿದ್ರೆ ಗುರಿ ಜಾರಿದ ಹಾಗೆ ಕಾಣೋದು) ಸರಿ ಮಾಡೋ ಗುಂಡಿ ಬೇಕು, ಜೀರೋ ಸ್ಟಾಪ್ ಇದ್ರೆ ಕತ್ತಲಾದ್ರೂ ವಾಪಸ್ ಜೀರೋಗೆ ಬರ್ಬಹುದು. ಇನ್ನೊಂದು, ಸ್ಕೋಪಿನ ಒಟ್ಟು ಓಟ 20 ಮಿಲ್ ಅಂತ ಬರೆದಿದ್ರೆ ಮೇಲಕ್ಕೆ ಸಿಗೋದು ಸುಮಾರು ಅರ್ಧ, ಅಂದ್ರೆ ಹತ್ತು. ಕ್ರೀಡ್‌ಮೂರಿಗೆ ಸಾವಿರ ಮೀಟರಿಗೇ ಹತ್ತು ಬೇಕು. ಅದಕ್ಕೇ ಮುಂದಕ್ಕೆ ಬಾಗಿರೋ 20 ಎಂಒಎ ರೈಲ್ (ಸ್ಕೋಪ್ ಕೂರೋ ಪಟ್ಟಿ) ಹಾಕ್ತಾರೆ, ಸುಮಾರು ಆರು ಮಿಲ್ ಜಾಸ್ತಿ ಸಿಗುತ್ತೆ. ರೈಫಲ್ ಜೊತೆನೇ ಈ ರೈಲ್ ಬರುತ್ತಾ ಅಂತ ಕೇಳಿ.

ಸೆಕೆಂಡ್ ಹ್ಯಾಂಡ್ ಆದ್ರೆ

ತಪ್ಪೇನಿಲ್ಲ, ಎಷ್ಟೋ ಸಲ ಒಳ್ಳೆ ಸಾಮಾನು ಹೀಗೇ ಸಿಗೋದು. ಎಷ್ಟು ರೌಂಡ್ ಆಗಿದೆ ಅಂತ ಕೇಳಿ, ಉತ್ತರಕ್ಕಿಂತ ನಳಿಗೆ ಒಳಗೆ ನೋಡೋ ಬೋರ್‌ಸ್ಕೋಪ್ ನಂಬಿ. ತೋಟಾ ಕೂರೋ ಜಾಗದ ಮುಂದೆ ಗೀರುಗಳು ಶುರುವಾಗೋ ಕಡೆ ಒಣಗಿದ ಕೆರೆ ತಳದ ಥರ ಬಿರುಕು ಬಿಟ್ಟಿದ್ರೆ ಬ್ಯಾರೆಲ್ ಸುಟ್ಟಿದೆ. ಮೂತಿಯ ಅಂಚಲ್ಲಿ ಸಣ್ಣ ತರಚು ಇದ್ರೂ ಗುಂಡು ಓಲುತ್ತೆ. ಹೆಡ್‌ಸ್ಪೇಸ್ (ಬೋಲ್ಟ್ ಮುಚ್ಚಿದಾಗ ತೋಟಾಗೆ ಉಳಿಯೋ ಜಾಗ) ಸರಿ ಇದೆಯಾ ಅಂತ ಗೇಜಲ್ಲಿ ಬಂದೂಕು ರಿಪೇರಿಯವರ ಹತ್ರ ನೋಡಿಸಿ, ಇದ್ರಲ್ಲಿ ಜಿಪುಣತನ ಮಾಡಿದ್ರೆ ಮುಖಕ್ಕೇ ಅಪಾಯ. ಬ್ಯಾರೆಲ್ ಹೋಗಿದ್ರೂ ಆಕ್ಷನ್ ಚೆನ್ನಾಗಿದ್ರೆ ಹೊಸ ಬ್ಯಾರೆಲ್ ಲೆಕ್ಕ ಕಳೆದು ಬೆಲೆ ಮಾತಾಡಿ.

ತಂದಾದ್ಮೇಲೆ

ಸ್ಕ್ರೂ ಎಲ್ಲಾ ಟಾರ್ಕ್ ರೆಂಚಲ್ಲೇ ಬಿಗಿ ಮಾಡಿ, ಎಷ್ಟು ಅಂತ ತಯಾರಕರ ಪುಸ್ತಕದಲ್ಲಿರುತ್ತೆ. ಸ್ಕೋಪ್ ರಿಂಗಿನ ಮೇಲಿನವು ಸಾಮಾನ್ಯವಾಗಿ 2 ನ್ಯೂಟನ್ ಮೀಟರ್ ಆಸುಪಾಸು, ಅಷ್ಟೇ, ಜಾಸ್ತಿ ತಿರುಗ್ಸಿದ್ರೆ ಟ್ಯೂಬ್ ಚಪ್ಪಟೆ. ನಾನು ಒಂದ್ಸಲ ಎರಡು ತಿಂಗಳು ಬ್ಯಾರೆಲ್ಲಿಗೆ ಬೈದು ಮೂರು ಥರ ತೋಟಾ ಬದಲಾಯ್ಸಿ ಕೊನೆಗೆ ನೋಡಿದ್ರೆ ರೈಲಿನ ಒಂದು ಸ್ಕ್ರೂ ಬೆರಳಲ್ಲೇ ತಿರುಗ್ತಿತ್ತು. ಹಾಕಿದ್ದು ನಾನೇ.

ಆಮೇಲೆ 100 ಮೀಟರಲ್ಲಿ ಗ್ರೂಪ್ (ಗುಂಡುಗಳು ಎಷ್ಟು ಒತ್ತಟ್ಟಿಗೆ ಬೀಳುತ್ತೆ) ನೋಡಿ, ಆದ್ರೆ ಮೂರು ಗುಂಡಿನ ಗ್ರೂಪ್ ನಂಬ್ಬೇಡಿ. ಒಂದೇ ರೈಫಲ್ಲು, ಒಂದೇ ತೋಟಾ, ಮೂರು ಗುಂಡಿಗೆ ಸರಾಸರಿ ಒಂದು ಎಂಒಎ ಬಂದ್ರೆ ಹತ್ತು ಗುಂಡಿಗೆ ಸುಮಾರು ಒಂದೂವರೆ ಚಿಲ್ಲರೆ ಬರುತ್ತೆ, ಇದು ಬರೀ ಗಣಿತ, ರೈಫಲ್ ಕೆಟ್ಟಿಲ್ಲ. ಕಂಪನಿಗಳು ‘ಒಂದು ಎಂಒಎ ಗ್ಯಾರಂಟಿ’ ಅಂದಾಗ ಎಷ್ಟು ಗುಂಡಿಗೆ ಅಂತ ಸಣ್ಣಕ್ಷರದಲ್ಲಿ ಓದಿ. ನಳಿಗೆ ತಣ್ಣಗಾಗೋಕೆ ಬಿಟ್ಟು ಬಿಟ್ಟು ಹತ್ತು ಹೊಡೀರಿ, ಒಂದೂವರೆ ಎಂಒಎ ಒಳಗೆ ಕೂತ್ರೆ ಆ ರೈಫಲ್ ನಿಮಗಿಂತ ಚೆನ್ನಾಗಿದೆ. ಎರಡು ಮೂರು ಥರದ ಮ್ಯಾಚ್ ತೋಟಾ ಹೊಡೆದು ನೋಡಿ, ಒಂದೊಂದು ನಳಿಗೆಗೆ ಒಂದೊಂದು ಹಿಡಿಸುತ್ತೆ, ಹಿಡಿಸಿದ್ದನ್ನ ಒಂದೇ ಲಾಟ್ ನಂಬರಲ್ಲಿ ಜಾಸ್ತಿ ತಗೊಂಡಿಡಿ.

ಕೊನೇ ಪರೀಕ್ಷೆ ಸ್ಕೋಪಿಗೆ. 100 ಮೀಟರಲ್ಲಿ ಉದ್ದನೆ ಹಲಗೆ ನೆಟ್ಟಗೆ ನಿಲ್ಸಿ, ದಾರಕ್ಕೆ ಕಟ್ಟಿದ ತೂಕ ಇಳಿಬಿಟ್ಟು ನೇರ ಗೆರೆ ಎಳೆದು, ಹಿಂದೆ ಮಣ್ಣಿನ ದಿಬ್ಬ ಅಷ್ಟು ಎತ್ತರಕ್ಕೂ ಇದೆಯಾ ಅಂತ ನೋಡ್ಕೊಂಡು, ಕೆಳಗಿನ ಚುಕ್ಕೆಗೆ ಗುರಿ ಇಟ್ಟು ಐದು ಹೊಡೀರಿ. ಆಮೇಲೆ ಡಯಲ್ 10 ಮಿಲ್ ಮೇಲೆ ತಿರುಗ್ಸಿ ಅದೇ ಚುಕ್ಕೆಗೇ ಗುರಿ ಇಟ್ಟು ಇನ್ನೈದು. ಎರಡು ಗ್ರೂಪಿನ ನಡು ಟೇಪಲ್ಲಿ ಅಳೆದ್ರೆ ಒಂದು ಮೀಟರ್ ಬರ್ಬೇಕು, 97 ಸೆಂಟಿಮೀಟರ್ ಬಂದ್ರೆ ಸ್ಕೋಪ್ ನೂರಕ್ಕೆ ಮೂರು ಸುಳ್ಳು ಹೇಳ್ತಿದೆ, ಸಾವಿರ ಮೀಟರಲ್ಲಿ ಅದು 30 ಸೆಂಟಿಮೀಟರ್ ಕೆಳಗೆ. ಗೆರೆ ಬಿಟ್ಟು ಪಕ್ಕಕ್ಕೆ ಹೋಗಿದ್ರೆ ಸ್ಕೋಪ್ ಓರೆ ಕೂತಿದೆ, ರಿಂಗ್ ಸಡಿಲ ಮಾಡಿ ತಿರುಗ್ಸಿ ಮತ್ತೆ ಹೊಡೀರಿ. ಎರಡೂ ಸರಿ ಬಂತಾ, ಆ ಕಾಗದದ ಮೇಲೆ ತಾರೀಕು, ತೋಟಾ ಲಾಟ್ ನಂಬರ್ ಬರೆದು ಎತ್ತಿಡಿ. ಮುಂದಿನ ಸಲ ಐನೂರು ಮೀಟರಲ್ಲಿ ತಟ್ಟೆ ಸದ್ದು ಮಾಡದೇ ಇದ್ದಾಗ ಅದನ್ನ ತೆಗೆದು ಒಂದ್ಸಲ ನೋಡ್ಕೊಂಡು, ಗಾಳಿ ಬಾವುಟದ ಕಡೆ ತಿರುಗಿ.